ಕಾಲಂ ಎಷ್ಟು ದಿನ ಬಾಳುತ್ತದೆ: ಒಸಾಕಾದ ಆಸ್ಪಾರ್ಟಿಕ್ ಆಮ್ಲ ತಯಾರಿಕೆಯ ಪ್ರಕರಣ ಅಧ್ಯಯನ

ಜಪಾನಿನ ಒಸಾಕಾದ ತನಾಬೆ ಸೆಯಾಕು ಎಂಬ ಔಷಧ ಕಂಪನಿಯು 1973ರಲ್ಲಿ ಎಲ್-ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೊ ಆಮ್ಲವನ್ನು ಹೊಸ ವಿಧಾನವೊಂದರಿಂದ ತಯಾರಿಸಲು ಆರಂಭಿಸಿತು. ಇ. ಕೋಲಿ ಬ್ಯಾಕ್ಟೀರಿಯಾದ ಜೀವಕೋಶಗಳನ್ನು ಪಾಲಿಅಕ್ರಿಲಮೈಡ್ ಎಂಬ ಕೃತಕ ಜೆಲ್ಲಿನೊಳಗೆ ಸೆರೆಹಿಡಿದು, ಆ ಜೆಲ್ಲನ್ನು ಸಣ್ಣ ತುಣುಕುಗಳನ್ನಾಗಿ ಮಾಡಿ, ಕಾಲಂ ಎಂದು ಕರೆಯುವ ಉದ್ದನೆಯ ಪಾತ್ರೆಯಲ್ಲಿ ಒತ್ತಾಗಿ ತುಂಬಲಾಗಿತ್ತು. ಅದರ ಒಂದು ತುದಿಯಿಂದ ಅಮೋನಿಯಂ ಫ್ಯೂಮರೇಟಿನ ದ್ರಾವಣವನ್ನು ಒಳಗೆ ಬಿಟ್ಟರೆ ಇನ್ನೊಂದು ತುದಿಯಿಂದ ಆಸ್ಪಾರ್ಟಿಕ್ ಆಮ್ಲದ ದ್ರಾವಣ ಹಗಲು ರಾತ್ರಿ ಹೊರಬರುತ್ತಿತ್ತು. ನಿಶ್ಚಲಗೊಳಿಸಿದ ಸೂಕ್ಷ್ಮಜೀವಿಕೋಶಗಳನ್ನು ಕೈಗಾರಿಕಾ ಪ್ರಮಾಣದಲ್ಲಿ ಬಳಸಿದ್ದು ಜಗತ್ತಿನಲ್ಲಿ ಅದೇ ಮೊದಲು.

ಐದು ವರ್ಷಗಳ ನಂತರ, 1978ರಲ್ಲಿ, ಚೆನ್ನಾಗಿಯೇ ನಡೆಯುತ್ತಿದ್ದ ಆ ಜೆಲ್ಲನ್ನು ಅದೇ ಕಂಪನಿ ಕೈಬಿಟ್ಟು, ಸಮುದ್ರದ ಕೆಂಪು ಪಾಚಿಯಿಂದ ತೆಗೆಯುವ ಕ್ಯಾರಜೀನನ್ ಎಂಬ ಪದಾರ್ಥಕ್ಕೆ ಬದಲಾಯಿಸಿಕೊಂಡಿತು. ಆ ಬದಲಾವಣೆ ಏಕೆ ಬೇಕಾಯಿತು ಮತ್ತು ಅದರಿಂದ ದೊರೆತದ್ದೇನು ಎಂಬುದೇ ಈ ಅಧ್ಯಯನದ ವಿಷಯ. ಪ್ಯಾಕ್ಡ್ ಬೆಡ್ ರಿಯಾಕ್ಟರ್, ಅಂದರೆ ಇಂತಹ ಒತ್ತಾಗಿ ತುಂಬಿದ ಕಾಲಂ ಕುರಿತು ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಕ್ರಿಯೆಯ ವೇಗದ ಸಮೀಕರಣದಿಂದ ಆರಂಭಿಸುತ್ತೇವೆ. ಆದರೆ ಈ ಪ್ರಕರಣವನ್ನು ಓದಿದಷ್ಟೂ, ಕಿಣ್ವ ಎಷ್ಟು ಚುರುಕಾಗಿದೆ ಎಂಬುದಕ್ಕಿಂತ ಆ ಚುರುಕು ಎಷ್ಟು ದಿನ ಉಳಿಯುತ್ತದೆ ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕೆಂಬ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ಹಿನ್ನೆಲೆ: 1969ರ ಕಾಲಂ

ಕಿಣ್ವವನ್ನು ಘನಪದಾರ್ಥವೊಂದಕ್ಕೆ ಅಂಟಿಸಿದರೂ ಅದು ಕೆಲಸ ಮಾಡುತ್ತದೆ ಎಂಬುದು ಹೊಸ ಸಂಗತಿಯಾಗಿರಲಿಲ್ಲ. ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವ ಇದ್ದಿಲಿಗೆ ಅಂಟಿಕೊಂಡ ಮೇಲೂ ಕ್ರಿಯಾಶೀಲವಾಗಿಯೇ ಉಳಿಯುತ್ತದೆಂದು ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲಿಯೇ ತೋರಿಸಿದ್ದರು. ಆ ತಿಳಿವಳಿಕೆ ಕಾರ್ಖಾನೆಯನ್ನು ತಲುಪಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು, ಮತ್ತು ಅದನ್ನು ತಲುಪಿಸಿದವರು ತನಾಬೆ ಸೆಯಾಕುವಿನ ಇಚಿರೊ ಚಿಬಾತಾ, ತೆತ್ಸುಯಾ ತೊಸಾ ಮತ್ತು ಅವರ ಸಹೋದ್ಯೋಗಿಗಳು.

ಅವರ ಮುಂದಿದ್ದ ಸಮಸ್ಯೆ ಅಮೈನೊ ಆಮ್ಲಗಳದ್ದು. ರಾಸಾಯನಿಕ ವಿಧಾನದಿಂದ ತಯಾರಿಸಿದ ಅಮೈನೊ ಆಮ್ಲದಲ್ಲಿ ಎಲ್ ಮತ್ತು ಡಿ ಎಂಬ ಎರಡು ರೂಪಗಳು ಸಮಪ್ರಮಾಣದಲ್ಲಿ ಬೆರೆತಿರುತ್ತವೆ; ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಬಿಂಬ. ದೇಹಕ್ಕೆ ಬೇಕಾದದ್ದು ಎಲ್ ರೂಪ. ಆ ಮಿಶ್ರಣಕ್ಕೆ ಅಸಿಟೈಲ್ ಎಂಬ ರಾಸಾಯನಿಕ ಗುಂಪನ್ನು ಅಂಟಿಸಿ ಅಮೈನೊ ಅಸೈಲೇಸ್ ಎಂಬ ಕಿಣ್ವಕ್ಕೆ ಒಡ್ಡಿದರೆ, ಅದು ಎಲ್ ರೂಪದಿಂದ ಮಾತ್ರ ಅಸಿಟೈಲ್ ಗುಂಪನ್ನು ಕತ್ತರಿಸುತ್ತದೆ. ಹೀಗೆ ಬಿಡುಗಡೆಯಾದ ಎಲ್ ಅಮೈನೊ ಆಮ್ಲವನ್ನು ಕರಗುವಿಕೆಯಲ್ಲಿರುವ ವ್ಯತ್ಯಾಸದ ಮೂಲಕ ಬೇರ್ಪಡಿಸಿ, ಉಳಿದ ಡಿ ರೂಪವನ್ನು ಮತ್ತೆ ಎರಡೂ ರೂಪಗಳ ಮಿಶ್ರಣವಾಗಿ ಪರಿವರ್ತಿಸಿ ಪುನಃ ಬಳಸಬಹುದು. 1954ರಿಂದ 1969ರವರೆಗೆ ಈ ಕೆಲಸ ಅಲ್ಲಿ ಬ್ಯಾಚ್ ಪದ್ಧತಿಯಲ್ಲಿ, ಅಂದರೆ ಒಂದೊಂದು ತೊಟ್ಟಿಯಷ್ಟನ್ನು ಬೇರೆಬೇರೆಯಾಗಿ ತಯಾರಿಸುತ್ತ, ನಡೆಯುತ್ತಿತ್ತು. ಪ್ರತಿ ಬ್ಯಾಚಿಗೂ ಹೊಸ ಕಿಣ್ವವನ್ನು ಹಾಕಬೇಕಿತ್ತು. ಕ್ರಿಯೆ ಮುಗಿದ ಬಳಿಕ ಆ ಕಿಣ್ವದ ಪ್ರೋಟೀನನ್ನು ಆಮ್ಲ ಮತ್ತು ಶಾಖದಿಂದ ಹೆಪ್ಪುಗಟ್ಟಿಸಿ ಸೋಸಿ ಎಸೆಯಬೇಕಿತ್ತು. ಇನ್ನೂ ಕೆಲಸ ಮಾಡಬಲ್ಲ ಕಿಣ್ವವನ್ನು ಪದಾರ್ಥದ ಶುದ್ಧಿಗಾಗಿ ಕೊಲ್ಲಬೇಕಾಗಿ ಬಂದದ್ದೇ ಆ ಪದ್ಧತಿಯ ಮೂಲ ದೋಷವಾಗಿತ್ತು.

1969ರಲ್ಲಿ ಅವರು ಅಸ್ಪರ್ಜಿಲಸ್ ಒರೈಜೆ ಎಂಬ ಶಿಲೀಂಧ್ರದಿಂದ ತೆಗೆದ ಅಮೈನೊ ಅಸೈಲೇಸನ್ನು ಡಿಇಎಇ-ಸೆಫಡೆಕ್ಸ್ ಎಂಬ ಅಯಾನು ವಿನಿಮಯ ಪದಾರ್ಥಕ್ಕೆ ವಿದ್ಯುದಾವೇಶದ ಆಕರ್ಷಣೆಯಿಂದ ಅಂಟಿಸಿ ಕಾಲಮ್ಮಿನಲ್ಲಿ ತುಂಬಿದರು. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಅರ್ಧಾಯು, ಅಂದರೆ ಆರಂಭದ ಚಟುವಟಿಕೆ ಅರ್ಧಕ್ಕೆ ಇಳಿಯಲು ಬೇಕಾದ ಅವಧಿ, ಸುಮಾರು 65 ದಿನಗಳಷ್ಟಿತ್ತು. ಈ ಜೋಡಣೆಯ ಸೊಗಸು ಇರುವುದು ಮುಂದಿನ ಹಂತದಲ್ಲಿ: ಚಟುವಟಿಕೆ ಕುಗ್ಗಿದಾಗ ಕಾಲಮ್ಮನ್ನು ಬರಿದು ಮಾಡಬೇಕಾಗಿರಲಿಲ್ಲ, ಕಳೆದುಹೋದಷ್ಟು ಕಿಣ್ವವನ್ನು ದ್ರಾವಣರೂಪದಲ್ಲಿ ಸೇರಿಸಿದರೆ ಅದು ಅದೇ ವಾಹಕಕ್ಕೆ, ಅಂದರೆ ಕಿಣ್ವವನ್ನು ಹೊತ್ತ ಸೆಫಡೆಕ್ಸಿಗೆ, ಅಂಟಿಕೊಂಡು ಕಾಲಂ ಮತ್ತೆ ಹೊಸದರಂತಾಗುತ್ತಿತ್ತು. ಒಂದೇ ವಾಹಕವನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಬಳಸಲಾಯಿತು. ಒಟ್ಟು ಉತ್ಪಾದನಾ ವೆಚ್ಚ ಬ್ಯಾಚ್ ಪದ್ಧತಿಯ ಸುಮಾರು ಶೇ. 60ಕ್ಕೆ ಇಳಿಯಿತು. ನಿಶ್ಚಲಗೊಳಿಸಿದ ಕಿಣ್ವದ ಮೊದಲ ಕೈಗಾರಿಕಾ ಬಳಕೆ ಎಂದು ಇಂದಿಗೂ ಹೆಸರಿಸುವುದು ಇದನ್ನೇ.

ಆಸ್ಪಾರ್ಟೇಸ್ ತಂದ ತೊಡಕು

ಮುಂದಿನ ಗುರಿ ಎಲ್-ಆಸ್ಪಾರ್ಟಿಕ್ ಆಮ್ಲ. ಔಷಧಕ್ಕೂ ಆಹಾರಕ್ಕೂ ಬೇಕಾದ ಈ ಪದಾರ್ಥ ಮುಂದೆ ಆಸ್ಪಾರ್ಟೇಮ್ ಎಂಬ ಕೃತಕ ಸಿಹಿಯ ಮೂಲವಸ್ತುವಾಗಿ ಇನ್ನಷ್ಟು ಬೇಡಿಕೆ ಪಡೆಯಿತು. ಇದರ ರಸಾಯನ ಬಹಳ ಸರಳ: ಫ್ಯೂಮರಿಕ್ ಆಮ್ಲಕ್ಕೆ ಅಮೋನಿಯಾ ಸೇರಿದರೆ ಆಸ್ಪಾರ್ಟಿಕ್ ಆಮ್ಲ. ಆಸ್ಪಾರ್ಟೇಸ್ ಎಂಬ ಕಿಣ್ವ ಈ ಜೋಡಣೆಯನ್ನು ನಡೆಸುತ್ತದೆ ಮತ್ತು ಎಲ್ ರೂಪವನ್ನು ಮಾತ್ರ ಕೊಡುತ್ತದೆ. ಕ್ರಿಯೆ ಹಿಂದಕ್ಕೂ ಮುಂದಕ್ಕೂ ನಡೆಯಬಲ್ಲದಾದರೂ ಸಮತೋಲ ಆಸ್ಪಾರ್ಟಿಕ್ ಆಮ್ಲದ ಕಡೆಗೇ ವಾಲಿರುವುದರಿಂದ ಕಚ್ಚಾವಸ್ತು ಬಹುತೇಕ ಪೂರ್ತಿಯಾಗಿ ಬದಲಾಗುತ್ತದೆ.

ತೊಡಕು ಇದ್ದದ್ದು ಕಿಣ್ವ ಎಲ್ಲಿದೆ ಎಂಬಲ್ಲಿ. ಆಸ್ಪಾರ್ಟೇಸ್ ಇ. ಕೋಲಿ ಜೀವಕೋಶದ ಒಳಗಿರುತ್ತದೆ. ಅದನ್ನು ಪಡೆಯಬೇಕಾದರೆ ಜೀವಕೋಶಗಳನ್ನು ಒಡೆಯಬೇಕು, ಒಡೆದ ರಸದಿಂದ ಕಿಣ್ವವನ್ನು ಬೇರ್ಪಡಿಸಬೇಕು, ಮತ್ತು ಹೊರಬಂದ ಕಿಣ್ವ ಬೇಗ ಹಾಳಾಗದಂತೆ ನೋಡಿಕೊಳ್ಳಬೇಕು. ಸಂಶೋಧಕರು ಮೊದಲು ಈ ದಾರಿಯನ್ನೇ ಹಿಡಿದು, ಬೇರ್ಪಡಿಸಿದ ಆಸ್ಪಾರ್ಟೇಸನ್ನು ನಾನಾ ವಿಧಾನಗಳಿಂದ ನಿಶ್ಚಲಗೊಳಿಸಿ ನೋಡಿದರು. ಅವುಗಳಲ್ಲಿ ಮೇಲೆನಿಸಿದ ಪಾಲಿಅಕ್ರಿಲಮೈಡ್ ವಿಧಾನದಲ್ಲಿಯೂ ಅರ್ಧಾಯು 37 ಡಿಗ್ರಿಯಲ್ಲಿ ಸುಮಾರು ಒಂದು ತಿಂಗಳನ್ನು ಮೀರಲಿಲ್ಲ. ಸೆಫಡೆಕ್ಸ್‌ನಂತೆ ಜೆಲ್ಲಿಗೆ ಮತ್ತೆ ಕಿಣ್ವವನ್ನು ತುಂಬಿಸುವ ಅನುಕೂಲವೂ ಇಲ್ಲ. ತಿಂಗಳಿಗೊಮ್ಮೆ ಅರ್ಧಕ್ಕಿಳಿಯುವ ಕಾಲಮ್ಮಿಗಾಗಿ ಅಷ್ಟೆಲ್ಲ ಶ್ರಮಪಟ್ಟು ಕಿಣ್ವ ತೆಗೆಯುವುದು ಲಾಭದ ಬಾಬ್ತಾಗಿರಲಿಲ್ಲ.

ಆಗ ಅವರು ಕೇಳಿಕೊಂಡ ಪ್ರಶ್ನೆಯೇ ಈ ಪ್ರಕರಣದ ತಿರುವು: ಕಿಣ್ವವನ್ನು ಹೊರತೆಗೆಯುವುದೇ ಏಕೆ? ಜೀವಕೋಶವೇ ಕಿಣ್ವವನ್ನು ಹಿಡಿದಿಟ್ಟುಕೊಂಡಿರುವ ಚೀಲವಾಗಿರುವಾಗ, ಆ ಚೀಲವನ್ನೇ ಜೆಲ್ಲಿನಲ್ಲಿ ಹುದುಗಿಸಿದರೆ ಸಾಲದೆ?

ಇಡೀ ಜೀವಕೋಶಗಳನ್ನು ಪಾಲಿಅಕ್ರಿಲಮೈಡ್‌ನಲ್ಲಿ ಸೆರೆಹಿಡಿದಾಗ ಅರ್ಧಾಯು 120 ದಿನಗಳಿಗೆ ಏರಿತು. ಇದರ ಜೊತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿಯೂ ಕಾಣಿಸಿತು. ಹೊಸದಾಗಿ ತಯಾರಿಸಿದ ಜೆಲ್ಲನ್ನು 37 ಡಿಗ್ರಿಯಲ್ಲಿ ಅಮೋನಿಯಂ ಫ್ಯೂಮರೇಟ್ ದ್ರಾವಣದಲ್ಲಿ ಒಂದೆರಡು ದಿನ ನೆನೆಯಲು ಬಿಟ್ಟರೆ ಅದರ ಚಟುವಟಿಕೆ ಸುಮಾರು ಹತ್ತು ಪಟ್ಟು ಹೆಚ್ಚುತ್ತಿತ್ತು. ಜೀವಕೋಶಗಳು ಹೊಸ ಕಿಣ್ವವನ್ನು ತಯಾರಿಸುತ್ತಿವೆಯೇ ಎಂಬ ಅನುಮಾನವನ್ನು ಪರೀಕ್ಷಿಸಲು, ಪ್ರೋಟೀನ್ ತಯಾರಿಕೆಯನ್ನು ತಡೆಯುವ ಕ್ಲೋರಾಂಫೆನಿಕಾಲನ್ನು ಸೇರಿಸಿ ನೋಡಿದರು. ಏರಿಕೆ ಆಗಲೂ ನಿಲ್ಲಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಉತ್ತರ ಸಿಕ್ಕಿತು. ಜೆಲ್ಲಿನೊಳಗಿನ ಜೀವಕೋಶಗಳು ತಾವಾಗಿಯೇ ಒಡೆದಿದ್ದವು. ಗೋಡೆ ಬಿರಿದುದರಿಂದ ಫ್ಯೂಮರೇಟ್ ಒಳಹೋಗುವುದಕ್ಕೂ ಆಸ್ಪಾರ್ಟೇಟ್ ಹೊರಬರುವುದಕ್ಕೂ ಇದ್ದ ಅಡ್ಡಿ ತೊಲಗಿತ್ತು. ಗಾತ್ರದಲ್ಲಿ ಬಹಳ ದೊಡ್ಡದಾದ ಆಸ್ಪಾರ್ಟೇಸ್ ಮಾತ್ರ ಜೆಲ್ಲಿನ ಬಲೆಯನ್ನು ದಾಟಲಾಗದೆ ಅಲ್ಲಿಯೇ ಉಳಿದಿತ್ತು. ಹೀಗಾಗಿ ಈ ಕಾಲಮ್ಮನ್ನು ಜೀವಕೋಶಗಳ ರಿಯಾಕ್ಟರ್ ಎಂದು ಕರೆಯುತ್ತೇವಾದರೂ ಅದರಲ್ಲಿ ಬದುಕಿರುವ ಜೀವಕೋಶಗಳಿಂದ ನಡೆಯುವ ಕೆಲಸವೇನೂ ಇಲ್ಲ. ಬದುಕಿ ಬೆಳೆಯುವ ಜೀವಕೋಶಗಳನ್ನು ಒತ್ತಾಗಿ ತುಂಬಿದ ಕಾಲಮ್ಮಿನಲ್ಲಿ ಇಟ್ಟಿದ್ದರೆ ಅವುಗಳ ಬೆಳವಣಿಗೆಯೇ ದಾರಿಯನ್ನು ಕಟ್ಟಿಹಾಕುತ್ತಿತ್ತು. ಇಲ್ಲಿ ಆ ಭಯವಿರಲಿಲ್ಲ.

ಕಾಲಮ್ಮಿನೊಳಗಿನ ಹರಿವು

ಇದೇ ಜೆಲ್ ತುಣುಕುಗಳನ್ನು ದೊಡ್ಡ ತೊಟ್ಟಿಯಲ್ಲಿ ಹಾಕಿ ಕಲಕಬಹುದಾಗಿತ್ತಲ್ಲ, ಕಾಲಮ್ಮೇ ಏಕೆ ಎಂಬ ಪ್ರಶ್ನೆ ಸಹಜ. ಒಂದು ಕಾರಣ ತೀರ ಭೌತಿಕವಾದದ್ದು: ಕಲಕುವ ರೆಕ್ಕೆಯ ಹೊಡೆತಕ್ಕೆ ಜೆಲ್ ಪುಡಿಯಾಗುತ್ತದೆ. ಇನ್ನೊಂದು ಕಾರಣವನ್ನು ಲೆಕ್ಕದಿಂದ ತಿಳಿಯಬೇಕು. ಸತತವಾಗಿ ದ್ರಾವಣ ಬಂದು ಹೋಗುವ ಕಲಕುವ ತೊಟ್ಟಿಯಲ್ಲಿ ಒಳಬಂದ ಫ್ಯೂಮರೇಟ್ ಕೂಡಲೇ ಇಡೀ ತೊಟ್ಟಿಯಲ್ಲಿ ಹರಡಿಹೋಗುವುದರಿಂದ, ಹೊರಹೋಗುವ ದ್ರಾವಣದಲ್ಲಿ ಎಷ್ಟು ಕಡಿಮೆ ಫ್ಯೂಮರೇಟ್ ಇದೆಯೋ ತೊಟ್ಟಿಯ ಒಳಗೂ ಅಷ್ಟೇ ಕಡಿಮೆ ಇರುತ್ತದೆ. ಅಂದರೆ ಕಿಣ್ವವೆಲ್ಲ ಸದಾ ಅರೆಹೊಟ್ಟೆಯಲ್ಲಿ ದುಡಿಯುತ್ತದೆ. ಕಾಲಮ್ಮಿನಲ್ಲಾದರೆ ದ್ರಾವಣ ಮುಂದೆ ಹೋದಂತೆ ಹಂತಹಂತವಾಗಿ ತೆಳುವಾಗುತ್ತದೆ, ಆರಂಭದ ತುದಿಯಲ್ಲಿರುವ ಕಿಣ್ವಕ್ಕೆ ಪೂರ್ಣ ಸಾಂದ್ರತೆಯ ದ್ರಾವಣ ದೊರೆಯುತ್ತದೆ. ಕ್ರಿಯೆಯ ವೇಗ ಸಾಂದ್ರತೆಗೆ ಅನುಪಾತದಲ್ಲಿದೆ ಎಂದು ಭಾವಿಸಿದರೆ, ಶೇ. 99ರಷ್ಟು ಪರಿವರ್ತನೆ ಸಾಧಿಸಲು ಕಲಕುವ ತೊಟ್ಟಿಗೆ ಕಾಲಮ್ಮಿಗಿಂತ ಸುಮಾರು 21 ಪಟ್ಟು ಹೆಚ್ಚು ಕಿಣ್ವ ಬೇಕಾಗುತ್ತದೆ. ಸಾಂದ್ರತೆ ಹೆಚ್ಚಿದ್ದು ಕಿಣ್ವ ಆಗಲೇ ತನ್ನ ಗರಿಷ್ಠ ವೇಗದಲ್ಲಿ ದುಡಿಯುತ್ತಿದ್ದರೆ ಈ ಅಂತರ ಇಷ್ಟಿರುವುದಿಲ್ಲ, ನಿಜ; ಆದರೆ ಪರಿವರ್ತನೆಯ ಕೊನೆಯ ಶೇಕಡಾ ಕೆಲವು ಭಾಗಗಳಿಗೆ ಬಂದಾಗ ಪ್ರತಿ ಕಿಣ್ವವೂ ಈ ನಿಯಮದ ಹತ್ತಿರಕ್ಕೇ ಬರುತ್ತದೆ.

ಮತ್ತು ಈ ಪ್ರಕರಣದಲ್ಲಿ ಆ ಕೊನೆಯ ಶೇಕಡಾ ಭಾಗಗಳೇ ಮುಖ್ಯವಾದವು. ಕಾಲಮ್ಮಿನಿಂದ ಹೊರಬಂದ ದ್ರಾವಣವನ್ನು 90 ಡಿಗ್ರಿಗೆ ಕಾಯಿಸಿ, ಗಂಧಕಾಮ್ಲದಿಂದ ಪಿಎಚ್ 2.8ಕ್ಕೆ ತಂದು, 15 ಡಿಗ್ರಿಗೆ ತಣಿಸಿದರೆ ಆಸ್ಪಾರ್ಟಿಕ್ ಆಮ್ಲ ಹರಳುಗಟ್ಟುತ್ತದೆ. ಆ ಆಮ್ಲೀಯತೆಯಲ್ಲಿ ಅದರ ಅಣುವಿನ ಧನ ಋಣ ಆವೇಶಗಳು ಸರಿದೂಗಿ ಕರಗುವಿಕೆ ತೀರ ಕಡಿಮೆಯಾಗುವುದೇ ಇದಕ್ಕೆ ಕಾರಣ. ಆದರೆ ಆಮ್ಲೀಯ ನೀರಿನಲ್ಲಿ ಫ್ಯೂಮರಿಕ್ ಆಮ್ಲವೂ ಹೆಚ್ಚು ಕರಗುವುದಿಲ್ಲ. 25 ಡಿಗ್ರಿಯಲ್ಲಿಯೇ ಅದು ಲೀಟರಿಗೆ ಕರಗುವುದು ಸುಮಾರು 6 ಗ್ರಾಂ ಮಾತ್ರ. ಒಂದು ಮೋಲಾರ್ (ಲೀಟರಿಗೆ ಒಂದು ಮೋಲ್) ದ್ರಾವಣದಲ್ಲಿ ಶೇ. 5ರಷ್ಟು ಫ್ಯೂಮರೇಟ್ ಬದಲಾಗದೆ ಉಳಿದರೂ ಅದು ಲೀಟರಿಗೆ 5.8 ಗ್ರಾಂ ಆಯಿತು. ತಣಿಸಿದಾಗ ಅದೂ ಹರಳಾಗಿ ಆಸ್ಪಾರ್ಟಿಕ್ ಆಮ್ಲದೊಡನೆ ಬೆರೆಯುವ ಅಪಾಯವಿದೆ. ಕಾಲಂ ಪೂರ್ಣ ಪರಿವರ್ತನೆ ಕೊಟ್ಟರೆ ಮಾತ್ರ ಮುಂದಿನ ಶುದ್ಧೀಕರಣ ಸರಳವಾಗಿರುತ್ತದೆ. ಒಸಾಕಾದಲ್ಲಿ ಅದು ಸರಳವಾಗಿಯೇ ಇತ್ತು: 100 ಲೀಟರ್ ದ್ರಾವಣದಿಂದ ಲೆಕ್ಕಾಚಾರದ ಪ್ರಮಾಣದ ಶೇ. 95ರಷ್ಟು, ಅಂದರೆ ಸುಮಾರು 12.7 ಕೆ.ಜಿ. ಹರಳು ಕೈಗೆ ಬರುತ್ತಿತ್ತು.

ಪೂರ್ಣ ಪರಿವರ್ತನೆಗೆ ದೊಡ್ಡ ಶತ್ರು ಸೋರುದಾರಿ. ದ್ರಾವಣ ಒತ್ತಾಗಿ ತುಂಬಿದ ತುಣುಕುಗಳ ಇಡೀ ಹಾಸಿನ ಮೂಲಕ ಸಮನಾಗಿ ಇಳಿಯದೆ, ಸಡಿಲವಾದ ಒಂದು ಕಡೆ ಕಾಲುವೆ ಮಾಡಿಕೊಂಡು ನುಗ್ಗಿಬಿಡುವುದನ್ನು ಹೀಗೆ ಕರೆಯುತ್ತಿದ್ದೇನೆ. ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಅಡುಗೆಮನೆಯ ಕಾಫಿ ಫಿಲ್ಟರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ, ಏಕೆಂದರೆ ಅದೂ ಒಂದು ಪ್ಯಾಕ್ಡ್ ಬೆಡ್. ಪುಡಿಯನ್ನು ಸಮನಾಗಿ ಒತ್ತದೆ ಬಿಸಿನೀರು ಹೊಯ್ದರೆ ನೀರು ಒಂದು ಬದಿಯಿಂದ ಸರ್ರನೆ ಇಳಿದು ಡಿಕಾಕ್ಷನ್ ನೀರುನೀರಾಗುತ್ತದೆ. ಪುಡಿ ತೀರ ನುಣುಪಾಗಿದ್ದರೆ ಅಥವಾ ಅತಿಯಾಗಿ ಒತ್ತಿದರೆ ಗಂಟೆ ಕಳೆದರೂ ನೀರು ಇಳಿಯುವುದಿಲ್ಲ. ಕಾಲಮ್ಮಿನಲ್ಲಿ ಶೇ. 5ರಷ್ಟು ದ್ರಾವಣ ಹೀಗೆ ಸೋರುದಾರಿಯಿಂದ ಹೋಯಿತೆಂದರೆ, ಉಳಿದ ಹಾಸು ಎಷ್ಟೇ ಚುರುಕಾಗಿದ್ದರೂ ಒಟ್ಟು ಪರಿವರ್ತನೆ ಶೇ. 95ನ್ನು ದಾಟಲಾರದು. ದ್ರಾವಣ ಸಮನಾಗಿ ಹರಿಯುವವರೆಗೆ ಕಾಲಂ ಗಿಡ್ಡವಾಗಿ ಅಗಲವಾಗಿದ್ದರೂ ಉದ್ದವಾಗಿ ಕಿರಿದಾಗಿದ್ದರೂ ಕ್ರಿಯೆಯ ವೇಗ ಬದಲಾಗುವುದಿಲ್ಲ ಎಂದು ಚಿಬಾತಾ ಅವರ ತಂಡ ಕಂಡುಕೊಂಡಿತು. ಆ ಮಾತಿನಲ್ಲಿ ‘ಸಮನಾಗಿ’ ಎಂಬ ಷರತ್ತೇ ಎಲ್ಲಕ್ಕಿಂತ ಭಾರವಾದದ್ದು.

ತುಣುಕಿನ ಗಾತ್ರವನ್ನು ನಿರ್ಧರಿಸುವಾಗ ಎರಡು ಎಳೆತಗಳು ಎದುರಾಗುತ್ತವೆ. ದ್ರಾವಣ ತುಣುಕುಗಳ ನಡುವೆ ಹರಿಯುತ್ತದೆಯೇ ಹೊರತು ಅವುಗಳ ಮೂಲಕ ಹರಿಯುವುದಿಲ್ಲ. ಒಳಗಿರುವ ಕಿಣ್ವವನ್ನು ಫ್ಯೂಮರೇಟ್ ಬರಿಯ ವಿಸರಣೆಯಿಂದ ತಲುಪಬೇಕು. ತುಣುಕು ದೊಡ್ಡದಾದರೆ ಹೊರಪದರದ ಕಿಣ್ವವೇ ಎಲ್ಲವನ್ನೂ ಬಳಸಿಕೊಂಡು ನಡುವಿನ ಕಿಣ್ವ ನಿರುದ್ಯೋಗಿಯಾಗಿ ಕೂರುತ್ತದೆ. ಚಿಕ್ಕದು ಮಾಡಿದರೆ ಆ ದೋಷ ಕಡಿಮೆಯಾಗುತ್ತದೆ, ಆದರೆ ತುಣುಕಿನ ವ್ಯಾಸ ಅರ್ಧವಾದಾಗ ಅದೇ ವೇಗದ ನಿಧಾನ ಹರಿವಿಗೆ ಬೇಕಾಗುವ ಒತ್ತಡ ನಾಲ್ಕು ಪಟ್ಟು ಏರುತ್ತದೆ. ಜೆಲ್ ಮೆದುವಾದ ಪದಾರ್ಥ. ಆ ಒತ್ತಡಕ್ಕೆ ಅದು ಕುಗ್ಗುತ್ತದೆ, ಕುಗ್ಗಿದಷ್ಟೂ ನಡುವಿನ ದಾರಿ ಕಿರಿದಾಗುತ್ತದೆ, ದಾರಿ ಕಿರಿದಾದಷ್ಟೂ ಒತ್ತಡ ಮತ್ತೆ ಏರುತ್ತದೆ. ಒಮ್ಮೆ ಈ ಸುಳಿಗೆ ಸಿಕ್ಕ ಕಾಲಮ್ಮನ್ನು ಬಿಚ್ಚಿ ಮತ್ತೆ ತುಂಬದೆ ಬೇರೆ ದಾರಿಯಿರುವುದಿಲ್ಲ. ಆದ್ದರಿಂದಲೇ ಜೆಲ್ ಕಾಲಮ್ಮುಗಳಲ್ಲಿ ಕೆಲವು ಮಿಲಿಮೀಟರ್ ಗಾತ್ರದ ತುಣುಕುಗಳನ್ನು ಬಳಸುವುದು ರೂಢಿ. ಒಳಬಿಡುವ ದ್ರಾವಣವನ್ನು ಚೆನ್ನಾಗಿ ಸೋಸುವುದು ಕೂಡ ಅಷ್ಟೇ ಅಗತ್ಯ, ಏಕೆಂದರೆ ಹಾಸು ತಾನೇ ಒಂದು ಸೋಸುಕದಂತೆ ವರ್ತಿಸಿ ಬಂದ ಕಸವನ್ನೆಲ್ಲ ತನ್ನ ಮೊದಲ ಪದರದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ಶಾಖದ ವಿಷಯವನ್ನೂ ಹೇಳಬೇಕು. ಫ್ಯೂಮರೇಟಿಗೆ ಅಮೋನಿಯಾ ಸೇರುವಾಗ ಪ್ರತಿ ಮೋಲಿಗೆ ಸುಮಾರು 6 ಕಿಲೊಕ್ಯಾಲರಿ ಶಾಖ ಹೊರಬರುತ್ತದೆ. ಒಂದು ಮೋಲಾರ್ ದ್ರಾವಣ ಪೂರ್ತಿ ಬದಲಾಗಿ, ಆ ಶಾಖವೆಲ್ಲ ದ್ರಾವಣದಲ್ಲಿಯೇ ಉಳಿದರೆ ಅದರ ಉಷ್ಣತೆ ಹೆಚ್ಚುಕಡಿಮೆ 6 ಡಿಗ್ರಿ ಏರುತ್ತದೆ. ಸಣ್ಣ ಗಾಜಿನ ಕಾಲಮ್ಮಿನಲ್ಲಿ ಶಾಖ ಗೋಡೆಯ ಮೂಲಕ ಕಳೆದುಹೋಗುವುದರಿಂದ ಇದು ಗಮನಕ್ಕೇ ಬರುವುದಿಲ್ಲ. ಸಾವಿರ ಲೀಟರಿನ ಕಾಲಮ್ಮಿನಲ್ಲಿ ಹಾಗಲ್ಲ, ಒಳಬರುವಾಗ 37 ಡಿಗ್ರಿ ಇದ್ದ ದ್ರಾವಣ ಕೊನೆಯ ಭಾಗವನ್ನು 43 ಡಿಗ್ರಿಯಲ್ಲಿ ತಲುಪಿದರೆ ಅಲ್ಲಿಯ ಕಿಣ್ವ ಉಳಿದೆಡೆಗಿಂತ ಬೇಗ ಸಾಯುತ್ತದೆ. ಅರ್ಧಾಯುವೇ ಸರ್ವಸ್ವವಾಗಿರುವ ಕಡೆ ಈ 6 ಡಿಗ್ರಿ ಅಲಕ್ಷಿಸುವಂಥದ್ದಲ್ಲ. ಶಾಖವನ್ನು ಹೊರತೆಗೆಯುವ ಏರ್ಪಾಡು ಕಾಲಮ್ಮಿನ ವಿನ್ಯಾಸದಲ್ಲಿಯೇ ಸೇರಿರಬೇಕು.

ಕಾಲಂ ನಡೆದ ಸ್ಥಿತಿಗಳು ಹೀಗಿದ್ದವು: ಒಂದು ಮೋಲಾರ್ ಅಮೋನಿಯಂ ಫ್ಯೂಮರೇಟ್, ಪಿಎಚ್ 8.5, ಉಷ್ಣತೆ 37 ಡಿಗ್ರಿ, ಮತ್ತು ಕಿಣ್ವದ ಸ್ಥಿರತೆಗಾಗಿ ಒಂದು ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಗಂಟೆಗೆ ಹಾಸಿನ ಗಾತ್ರದ 0.6ರಷ್ಟು ದ್ರಾವಣ ಹರಿಯುತ್ತದೆ ಎಂದಿಟ್ಟುಕೊಂಡರೆ, 1000 ಲೀಟರ್ ಕಾಲಮ್ಮಿನಿಂದ ದಿನಕ್ಕೆ 14,400 ಲೀಟರ್ ದ್ರಾವಣ, ಅದರಲ್ಲಿ ಸುಮಾರು 1,915 ಕೆ.ಜಿ. ಆಸ್ಪಾರ್ಟಿಕ್ ಆಮ್ಲ. ತಿಂಗಳಿಗೆ 57 ಟನ್ನಿಗೂ ಹೆಚ್ಚು. ಒಂದು ಕೋಣೆಯಲ್ಲಿ ಹಿಡಿಯುವ ಪಾತ್ರೆಯ ಕೆಲಸ ಇದು. ಇಲ್ಲಿಯೂ ವೆಚ್ಚ ಬ್ಯಾಚ್ ಪದ್ಧತಿಯ ಸುಮಾರು ಶೇ. 60ಕ್ಕೆ ಇಳಿಯಿತು, ದ್ರಾವಣದಲ್ಲಿ ಜೀವಕೋಶದ ಕಸ ಬೆರೆಯದ ಕಾರಣ ಹೊರಹಾಕಬೇಕಾದ ತ್ಯಾಜ್ಯವೂ ಕಡಿಮೆಯಾಯಿತು.

ನಾಲ್ಕು ಜೆಲ್‌ಗಳ ಹೋಲಿಕೆ

ಇಷ್ಟಾದರೂ ಅವರು ಅಲ್ಲಿಗೆ ನಿಲ್ಲಲಿಲ್ಲ. ಪಾಲಿಅಕ್ರಿಲಮೈಡ್ ಜೆಲ್ ಕಟ್ಟುವಾಗ ನಡೆಯುವ ರಾಸಾಯನಿಕ ಕ್ರಿಯೆಯೂ ಅದರಲ್ಲಿ ಬಳಸುವ ಪದಾರ್ಥಗಳೂ ಕಿಣ್ವಕ್ಕೆ ಪೆಟ್ಟು ಕೊಡುತ್ತವೆ. ಕಾಲಂ ಆರಂಭವಾಗುವ ಮೊದಲೇ ಒಂದು ಪಾಲು ನಷ್ಟವಾಗಿರುತ್ತದೆ. ಇದಕ್ಕಿಂತ ಮೃದುವಾದ ಜೆಲ್ಲನ್ನು ಹುಡುಕುತ್ತ ಅವರು ಕಪ್ಪಾ-ಕ್ಯಾರಜೀನನ್ನಿಗೆ ಬಂದರು. ನಮ್ಮಲ್ಲಿ ಚೈನಾ ಗ್ರಾಸ್ ಎಂದು ಮಾರುವ ಅಗರ್‌ನ ಹತ್ತಿರದ ಸಂಬಂಧಿ ಇದು. ಬಿಸಿನೀರಿನಲ್ಲಿ ಕರಗಿ ತಣಿದಾಗ ಗಟ್ಟಿಯಾಗುವ ಗುಣವೂ ಅದರಂತೆಯೇ. ಬೆಚ್ಚಗಿನ ಕ್ಯಾರಜೀನನ್ ದ್ರಾವಣದಲ್ಲಿ ಜೀವಕೋಶಗಳನ್ನು ಬೆರೆಸಿ ತಣಿಸಿ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಜೆಲ್ ಗಟ್ಟಿಗೊಳ್ಳುತ್ತದೆ. ಪೊಟ್ಯಾಸಿಯಮ್ಮಿನಂತೆಯೇ ಅಮೋನಿಯಂ ಅಯಾನು ಕೂಡ ಈ ಜೆಲ್ಲನ್ನು ಹಿಡಿದಿಡಬಲ್ಲದು. ಕಾಲಮ್ಮಿನಲ್ಲಿ ಸದಾ ಹರಿಯುವುದು ಅಮೋನಿಯಂ ಫ್ಯೂಮರೇಟ್! ಕಚ್ಚಾವಸ್ತುವೇ ತಾನು ಹಾದುಹೋಗುವ ಹಾಸನ್ನು ಗಟ್ಟಿಯಾಗಿಡುವ ಇಂತಹ ಹೊಂದಾಣಿಕೆ ಎಲ್ಲ ಕ್ರಿಯೆಗಳಲ್ಲಿಯೂ ಸಿಗುವುದಿಲ್ಲ.

ಫಲಿತಾಂಶಗಳನ್ನು ಗಮನವಿಟ್ಟು ನೋಡಬೇಕು. ಪಾಲಿಅಕ್ರಿಲಮೈಡ್‌ನಲ್ಲಿ ಒಂದು ಗ್ರಾಂ ಜೀವಕೋಶಕ್ಕೆ 18,850 ಯೂನಿಟ್ ಚಟುವಟಿಕೆ ಮತ್ತು 120 ದಿನಗಳ ಅರ್ಧಾಯು ಇದ್ದವು. ಬರಿಯ ಕ್ಯಾರಜೀನನ್‌ನಲ್ಲಿ ಚಟುವಟಿಕೆ 56,340 ಯೂನಿಟ್‌ಗೆ, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟಿಗೆ ಜಿಗಿಯಿತು, ಆದರೆ ಅರ್ಧಾಯು 70 ದಿನಕ್ಕೆ ಕುಸಿಯಿತು. ಆ ಜೆಲ್ಲನ್ನು ಗ್ಲುಟರಾಲ್ಡಿಹೈಡ್‌ನಿಂದ ಗಡುಸು ಮಾಡಿದಾಗ ಚಟುವಟಿಕೆ 37,460ಕ್ಕೆ ಇಳಿದು ಅರ್ಧಾಯು 240 ದಿನಕ್ಕೆ ಏರಿತು. ಕೊನೆಗೆ ಗ್ಲುಟರಾಲ್ಡಿಹೈಡ್‌ನ ಜೊತೆಗೆ ಹೆಕ್ಸಾಮೆಥಿಲೀನ್ ಡೈಅಮೀನನ್ನೂ ಬಳಸಿದಾಗ ಚಟುವಟಿಕೆ 49,400 ಯೂನಿಟ್ ಮತ್ತು ಅರ್ಧಾಯು ಸುಮಾರು 680 ದಿನ. ಗ್ಲುಟರಾಲ್ಡಿಹೈಡ್ ಪ್ರೋಟೀನುಗಳ ಅಮೈನೊ ಗುಂಪುಗಳನ್ನು ಒಂದಕ್ಕೊಂದು ಬೆಸೆಯುವ ಪದಾರ್ಥ. ಎರಡು ತುದಿಗಳಲ್ಲಿಯೂ ಅಮೈನೊ ಗುಂಪಿರುವ ಡೈಅಮೀನ್ ಆ ಬೆಸುಗೆಗೆ ಹೆಚ್ಚಿನ ಸೇತುವೆಗಳನ್ನು ಒದಗಿಸುತ್ತದೆ.

ಪ್ರಯೋಗಾಲಯದಲ್ಲಿ ಮೊದಲ ದಿನದ ಅಳತೆಯನ್ನಷ್ಟೇ ನೋಡಿ ನಿರ್ಧರಿಸುವವರು ಇಲ್ಲಿ ಎರಡನೆಯದನ್ನು, ಗಡುಸು ಮಾಡದ ಕ್ಯಾರಜೀನನ್ನನ್ನು, ಆರಿಸುತ್ತಿದ್ದರು. ಅದು ಎಲ್ಲಕ್ಕಿಂತ ಚುರುಕಾದದ್ದು. ಆದರೆ ಕಾಲಂ ತನ್ನ ಬಾಳಿನಲ್ಲಿ ಒಟ್ಟು ಎಷ್ಟು ಪದಾರ್ಥ ಕೊಡುತ್ತದೆ ಎಂಬುದು ಮೊದಲ ದಿನದ ಚಟುವಟಿಕೆಯಿಂದ ತೀರ್ಮಾನವಾಗುವುದಿಲ್ಲ. ಚಟುವಟಿಕೆ ಪ್ರತಿದಿನ ಆಗ ಉಳಿದಿರುವುದರ ಒಂದೇ ಶೇಕಡಾ ಪಾಲಿನಷ್ಟು ಕ್ಷೀಣಿಸುತ್ತದೆ ಎಂದಾದರೆ, ಕ್ಷೀಣಿಸುವ ಆ ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣವೇ ಕಾಲಮ್ಮಿನ ದುಡಿಮೆ, ಮತ್ತು ಅದು ಆರಂಭದ ಚಟುವಟಿಕೆ ಹಾಗೂ ಅರ್ಧಾಯುಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಹಾಗೆ ಗುಣಿಸಿ, ಪಾಲಿಅಕ್ರಿಲಮೈಡನ್ನು 100 ಎಂದು ಹಿಡಿದರೆ, ಬರಿಯ ಕ್ಯಾರಜೀನನ್ 174, ಗ್ಲುಟರಾಲ್ಡಿಹೈಡ್‌ನಿಂದ ಗಡುಸು ಮಾಡಿದ್ದು 397, ಡೈಅಮೀನನ್ನೂ ಸೇರಿಸಿದ್ದು ಸುಮಾರು 1,500 ಆಗುತ್ತದೆ. ಮೂರು ಪಟ್ಟು ಚುರುಕಿನಿಂದ ದಕ್ಕಿದ ಲಾಭ ಎರಡು ಪಟ್ಟಿಗೂ ಕಡಿಮೆ; ಚುರುಕಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಬಾಳಿಕೆಯನ್ನು ಕೊಂಡದ್ದರಿಂದ ದಕ್ಕಿದ್ದು ಹದಿನೈದು ಪಟ್ಟು. 1978ರ ಬದಲಾವಣೆಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಾಗಿಲ್ಲ ಎಂದು ನಾನು ಭಾವಿಸುತ್ತೇನೆ.

ಈ ಅಂಕಿಗಳನ್ನು ದಿನನಿತ್ಯದ ಕೆಲಸಕ್ಕೆ ಇಳಿಸಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಆರಂಭವಾಗಿ ನಾಲ್ಕು ತಿಂಗಳಾದ ಕಾಲಮ್ಮಿನಲ್ಲಿ, ಪಾಲಿಅಕ್ರಿಲಮೈಡ್ ಇದ್ದರೆ ಅರ್ಧ ಚಟುವಟಿಕೆ ಉಳಿದಿರುತ್ತದೆ. 680 ದಿನಗಳ ಅರ್ಧಾಯುವಿನ ಜೆಲ್ ಇದ್ದರೆ ಶೇ. 88ರಷ್ಟು ಉಳಿದಿರುತ್ತದೆ, ಬೇರ್ಪಡಿಸಿದ ಕಿಣ್ವದ ಒಂದು ತಿಂಗಳ ಕಾಲಂ ಆಗಿದ್ದರೆ ಶೇ. 6ರಷ್ಟು ಮಾತ್ರ. ಚಟುವಟಿಕೆ ಇಳಿಯುತ್ತ ಹೋದಂತೆ ಪೂರ್ಣ ಪರಿವರ್ತನೆಯನ್ನು ಉಳಿಸಿಕೊಳ್ಳಲು ಹರಿವನ್ನು ನಿಧಾನಗೊಳಿಸಬೇಕು, ಆಗ ದಿನದ ಉತ್ಪಾದನೆ ಕುಗ್ಗುತ್ತದೆ. ಉಷ್ಣತೆಯನ್ನು ಏರಿಸಿ ವೇಗವನ್ನು ಮರಳಿ ಪಡೆಯುವುದು ಇನ್ನೊಂದು ಉಪಾಯ, ಆದರೆ ಅದು ಮುಂದಿನ ತಿಂಗಳ ಕಿಣ್ವವನ್ನು ಈ ತಿಂಗಳೇ ಸುಟ್ಟಂತೆ. ಕಾಲಮ್ಮನ್ನು ಹೇಗೂ ಬಿಚ್ಚಲಿರುವ ಕೊನೆಯ ದಿನಗಳಲ್ಲಲ್ಲದೆ ಅದನ್ನು ನಾನು ಒಪ್ಪುವುದಿಲ್ಲ. ಬೇರೆ ಬೇರೆ ವಯಸ್ಸಿನ ಹಲವು ಕಾಲಮ್ಮುಗಳನ್ನು ಒಟ್ಟಿಗೆ ನಡೆಸಿ, ಒಂದರ ಇಳಿಕೆಯನ್ನು ಇನ್ನೊಂದರ ಹೊಸತನದಿಂದ ಸರಿದೂಗಿಸುವುದು ಎಲ್ಲಕ್ಕಿಂತ ಒಳ್ಳೆಯ ಕ್ರಮ. ಗ್ಲುಕೋಸನ್ನು ಫ್ರಕ್ಟೋಸ್ ಆಗಿ ಬದಲಾಯಿಸುವ ಮೆಕ್ಕೆಜೋಳದ ಸಿರಪ್ ಕಾರ್ಖಾನೆಗಳು ಇದೇ ಕ್ರಮವನ್ನು ಅನುಸರಿಸುತ್ತವೆ.

ಅನಿಲ ಬಂದಾಗ

ಒಳ್ಳೆಯ ಕಾಲಂ ಎಂದರೆ ಎಲ್ಲ ಕ್ರಿಯೆಗೂ ಸಲ್ಲುವ ಕಾಲಂ ಎಂದು ತಿಳಿಯಬಾರದು. ಅದೇ ಕಂಪನಿ 1982ರಲ್ಲಿ ಕೈಗೆತ್ತಿಕೊಂಡ ಮುಂದಿನ ಹೆಜ್ಜೆಯಲ್ಲಿ ಇದು ತಿಳಿದುಬರುತ್ತದೆ. ಸ್ಯೂಡೊಮೊನಾಸ್ ಡಕುನ್ಹೆ ಎಂಬ ಬ್ಯಾಕ್ಟೀರಿಯಾದ ಕಿಣ್ವವೊಂದು ಆಸ್ಪಾರ್ಟಿಕ್ ಆಮ್ಲದಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿ ಎಲ್-ಅಲನಿನ್ ಎಂಬ ಇನ್ನೊಂದು ಅಮೈನೊ ಆಮ್ಲವನ್ನು ಕೊಡುತ್ತದೆ. ಮೊದಲ ಕಾಲಮ್ಮಿನಿಂದ ಬಂದ ದ್ರಾವಣವನ್ನು ಈ ಜೀವಕೋಶಗಳಿರುವ ಕ್ಯಾರಜೀನನ್ ಕಾಲಮ್ಮಿಗೆ ಹರಿಸಿದರಾಯಿತು ಎಂದು ಕಾಗದದ ಮೇಲೆ ಅನಿಸುತ್ತದೆ. ಆದರೆ ಒಂದು ಮೋಲ್ ಆಸ್ಪಾರ್ಟಿಕ್ ಆಮ್ಲ ಒಂದು ಮೋಲ್ ಅನಿಲವನ್ನು ಬಿಡುತ್ತದೆ, ಅಂದರೆ 37 ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ, ಪ್ರತಿ ಲೀಟರ್ ದ್ರಾವಣಕ್ಕೆ ಸುಮಾರು 25 ಲೀಟರ್ ಅನಿಲ. ಒತ್ತಾಗಿ ತುಂಬಿದ ಹಾಸಿನಲ್ಲಿ ಆ ಗುಳ್ಳೆಗಳಿಗೆ ಹೋಗಲು ದಾರಿಯಿಲ್ಲ. ಅವು ತುಣುಕುಗಳನ್ನು ತಳ್ಳಿ, ತಾವೇ ದಾರಿ ಕೊರೆದು, ಸಮನಾದ ಹರಿವನ್ನು ಕೆಡಿಸುತ್ತವೆ. ಹಾಸನ್ನು ಸಡಿಲಗೊಳಿಸಿ ಕಲಕಿದರೆ ಅನಿಲ ಹೊರಹೋಗುತ್ತದೆ, ಆದರೆ ಕಾಲಮ್ಮಿನ ಹಂತಹಂತದ ಪರಿವರ್ತನೆಯ ಲಾಭವೂ ಅದರೊಂದಿಗೆ ಹೋಗುತ್ತದೆ.

ಅವರು ಕಂಡುಕೊಂಡ ಪರಿಹಾರ ಅನಿಲವನ್ನು ಹೊರಬಿಡುವುದಲ್ಲ, ಹುಟ್ಟಲು ಬಿಡದಿರುವುದು. ಕಾಲಮ್ಮನ್ನು ಮುಚ್ಚಿ ಒಳಗಿನ ಒತ್ತಡವನ್ನು ಚದರ ಸೆಂಟಿಮೀಟರಿಗೆ ಸುಮಾರು 10 ಕೆ.ಜಿ.ಗೆ ಏರಿಸಿದಾಗ, ಸೋಡಾ ಬಾಟಲಿಯೊಳಗಿನಂತೆ ಇಂಗಾಲದ ಡೈಆಕ್ಸೈಡ್ ದ್ರಾವಣದಲ್ಲಿಯೇ ಕರಗಿ ಉಳಿಯಿತು. ಹಾಸು ಅಲುಗಲಿಲ್ಲ, ಹರಿವು ಸಮನಾಗಿ ಸಾಗಿತು. ಇನ್ನೂ ಒಂದು ತೊಂದರೆ ಉಳಿದಿತ್ತು. ಎರಡೂ ಜೀವಕೋಶಗಳಲ್ಲಿ ಬೇಡವಾದ ಕಿಣ್ವಗಳಿದ್ದವು: ಫ್ಯೂಮರೇಸ್ ಎಂಬುದು ಫ್ಯೂಮರೇಟನ್ನು ಮಾಲಿಕ್ ಆಮ್ಲದ ಕಡೆಗೆ ಎಳೆಯುತ್ತಿತ್ತು, ಅಲನಿನ್ ರೆಸಿಮೇಸ್ ಎಂಬುದು ಕಷ್ಟಪಟ್ಟು ಪಡೆದ ಎಲ್ ರೂಪವನ್ನು ಮತ್ತೆ ಡಿ ರೂಪದೊಡನೆ ಬೆರೆಸಿಬಿಡುತ್ತಿತ್ತು. ನಿಶ್ಚಲಗೊಳಿಸುವ ಮೊದಲು ಜೀವಕೋಶಗಳನ್ನು ಸೌಮ್ಯ ಆಮ್ಲೀಯ ಸ್ಥಿತಿಯಲ್ಲಿ ಕೆಲಕಾಲ ಇರಿಸಿದಾಗ ಬೇಡವಾದ ಈ ಎರಡು ಕಿಣ್ವಗಳು ಸತ್ತು, ಬೇಕಾದವು ಉಳಿದುಕೊಂಡವು. ಹಾಗೆ ಆರಿಸಿದ ಜೀವಕೋಶಗಳನ್ನು ತುಂಬಿದ ಎರಡು ಕಾಲಮ್ಮುಗಳು, ಮೊದಲನೆಯದು ಸಾಮಾನ್ಯ ಒತ್ತಡದಲ್ಲಿ, ಎರಡನೆಯದು ಅದರ ಹತ್ತು ಪಟ್ಟಿನಲ್ಲಿ, ಒಂದರ ಹಿಂದೆ ಒಂದಾಗಿ ನಿಂತು ಫ್ಯೂಮರೇಟಿನಿಂದ ಅಲನಿನ್ ವರೆಗಿನ ದಾರಿಯನ್ನು ಪೂರ್ಣಗೊಳಿಸಿದವು; ಅದುಮಿಟ್ಟ ಅನಿಲ ಎರಡನೆಯ ಕಾಲಮ್ಮಿನ ಹೊರದಾರಿಯಲ್ಲಿ, ಒತ್ತಡ ಇಳಿದ ಮೇಲೆಯೇ ದ್ರಾವಣದಿಂದ ಬಿಡುಗಡೆಯಾಗುತ್ತಿತ್ತು.